ಟ್ಯೂಬಿಂಗನ್: ಹೋಗುವವರು, ಓದುವವರು, ಸುಮ್ನೆ ಕುತೂಹಲ ಇರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಊರಿನಲ್ಲಿ ಕೆಲವು ವರ್ಷ ಇದ್ದು ಬಂದವನು ನಾನು. ಮಗಳಿಗೆ ಅಲ್ಲಿ ಸೀಟು ಸಿಕ್ಕಿದೆ ಎನ್ನುವ ಅಪ್ಪಂದಿರು, ಯುರೋಪ್ ಪ್ರವಾಸದಲ್ಲಿ ಒಂದು ದಿನ ಉಳಿದಿದೆ ಎನ್ನುವ ನೆಂಟರು, ಕಿಟ್ಟೆಲ್ ಹೆಸರು ಕೇಳಿ ಕುತೂಹಲಗೊಂಡ ಗೆಳೆಯರು, ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಪ್ರತಿ ಸಲ ಫೋನಿನಲ್ಲಿ ಟೈಪ್ ಮಾಡುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ಟ್ಯೂಬಿಂಗನ್ ಎಲ್ಲಿದೆ?

ಜರ್ಮನಿಯ ತೆಂಕಣ ಪಶ್ಚಿಮದಲ್ಲಿ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ ಇದೆ. ಅದರ ರಾಜಧಾನಿ ಸ್ಟುಟ್‌ಗಾರ್ಟ್. ಅಲ್ಲಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್, ನೆಕಾರ್ ನದಿಯ ದಂಡೆಯಲ್ಲಿ ಟ್ಯೂಬಿಂಗನ್. ಊರಿನೊಳಗೇ ಅಮ್ಮರ್ ಎಂಬ ಇನ್ನೊಂದು ಚಿಕ್ಕ ಹೊಳೆ. ಈ ಎರಡು ಕಣಿವೆಗಳ ನಡುವೆ ಒಂದು ಉದ್ದ ದಿಣ್ಣೆ, ದಿಣ್ಣೆಯ ಮೇಲೆ ಕೋಟೆ, ಕೋಟೆಯಿಂದ ಇಳಿಯುವ ಇಳಿಜಾರಿನಲ್ಲಿ ಹಳೆಯ ಪೇಟೆ. ಬಡಗಣಕ್ಕೆ ಶ್ಯೋನ್‌ಬುಖ್ ಕಾಡು. ತೆಂಕಣಕ್ಕೆ ನೋಡಿದರೆ ಆಕಾಶದ ಅಂಚಿನಲ್ಲಿ ಗೋಡೆ ಕಟ್ಟಿದ ಹಾಗೆ ಶ್ವೇಬಿಷ್ ಆಲ್ಬ್ ಬೆಟ್ಟಸಾಲು.

ಇನ್ನೊಂದು ಮಜಾ ವಿಷಯ. ಇಡೀ ರಾಜ್ಯದ ನಕ್ಷೆಯ ನಟ್ಟನಡುವಿನ ಬಿಂದು ಈ ಊರಿನ ಅಂಚಿನ ಒಂದು ತೋಪಿನಲ್ಲಿ ಬೀಳುತ್ತದೆ. ಗುರುತಿಗೆ ಒಂದು ಕಲ್ಲು ನಿಲ್ಲಿಸಿದ್ದಾರೆ. ಹುಡುಕಿಕೊಂಡು ಹೋದರೆ ಕಲ್ಲು ಬಿಟ್ಟರೆ ಬೇರೇನೂ ಇಲ್ಲ, ನಡಿಗೆ ಮಾತ್ರ ಚೆನ್ನಾಗಿದೆ.

ಹೆಸರನ್ನು ಸರಿಯಾಗಿ ಹೇಳುವುದು ಹೇಗೆ?

"ಟೂ" ಎನ್ನಲು ತುಟಿ ಮುಂದೆ ಮಾಡಿ, ಹಾಗೇ ಇಟ್ಟುಕೊಂಡು "ಟೀ" ಅನ್ನಿ. ಅದೇ ಅವರ ಮೊದಲ ಅಕ್ಷರ. ಕನ್ನಡದಲ್ಲಿ "ಟ್ಯೂ" ಎಂದು ಬರೆಯುವುದು ಹತ್ತಿರದ ದಾರಿ ಅಷ್ಟೆ. ಊರಿನ ಹಳಬರು ಇಷ್ಟು ಕಷ್ಟವನ್ನೂ ಪಡುವುದಿಲ್ಲ. ಅವರ ಶ್ವಾಬಿಯನ್ ಮಾತಿನಲ್ಲಿ, ಅಂದರೆ ಆ ಸೀಮೆಯ ಜರ್ಮನ್ ಆಡುಮಾತಿನಲ್ಲಿ, ಅದು "ದೀಬೆಂಗ".

ಎಷ್ಟು ದೊಡ್ಡ ಊರು?

ಸುಮಾರು 90,000 ಜನ. ಅದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇಟ್ಟು ನೋಡಿ: ವಿದ್ಯಾರ್ಥಿಗಳೇ ಸುಮಾರು 28,000. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ಮ್ಯಾಕ್ಸ್ ಪ್ಲಾಂಕ್ ಎಂಬ ಸಂಶೋಧನಾ ಸಂಸ್ಥೆಗಳಲ್ಲಿರುವವರು ಬೇರೆ. ಹಾಗಾಗಿ ಜರ್ಮನಿಯ ಅತಿ ಕಿರಿಯ ವಯಸ್ಸಿನ ಊರುಗಳಲ್ಲಿ ಇದೂ ಒಂದು. "ಟ್ಯೂಬಿಂಗನ್‌ನಲ್ಲಿ ವಿಶ್ವವಿದ್ಯಾಲಯ ಇಲ್ಲ, ಟ್ಯೂಬಿಂಗನ್ ಅಂದರೇ ವಿಶ್ವವಿದ್ಯಾಲಯ" ಎಂಬ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಆಗಸ್ಟ್ ರಜೆಯಲ್ಲಿ ಹೋದರೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಜಾತ್ರೆ ಮುಗಿದ ಮೈದಾನದ ಹಾಗಿರುತ್ತದೆ.

ಆ ವಿಶ್ವವಿದ್ಯಾಲಯ ಎಷ್ಟು ಹಳೆಯದು?

1477ರದ್ದು. ಎಬರ್‌ಹಾರ್ಡ್ ಎಂಬ ಕೌಂಟ್, ಅಂದರೆ ಆ ಸೀಮೆಯ ದೊರೆ, ಶುರು ಮಾಡಿದ. ಗಡ್ಡದ ಎಬರ್‌ಹಾರ್ಡ್ ಅಂತಲೇ ಅವನ ಹೆಸರು. 1468ರಲ್ಲಿ ಜೆರುಸಲೇಮ್ ಯಾತ್ರೆ ಮಾಡಿ ಬಂದಿದ್ದ, ಅದರ ನೆನಪಿಗೆ ತಾಳೆ ಮರವನ್ನು ಲಾಂಛನ ಮಾಡಿಕೊಂಡ. ಚಳಿಯ ಊರಿನ ವಿಶ್ವವಿದ್ಯಾಲಯದ ಮುದ್ರೆಯಲ್ಲಿ ತಾಳೆ ಮರ ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ. ಅವನ ಧ್ಯೇಯವಾಕ್ಯ ಲ್ಯಾಟಿನ್‌ನ "ಅಟೆಂಪ್ಟೊ", ಅಂದರೆ "ನಾನು ಕೈ ಹಾಕುತ್ತೇನೆ".

ಒಳ್ಳೆಯದನ್ನಷ್ಟೇ ಹೇಳಿ ಮುಂದೆ ಹೋಗುವುದು ಸರಿಯಲ್ಲ. ವಿಶ್ವವಿದ್ಯಾಲಯ ತೆರೆದ ಅದೇ 1477ರಲ್ಲಿ ಎಬರ್‌ಹಾರ್ಡ್ ಊರಿನಿಂದ ಯಹೂದಿಗಳನ್ನು ಹೊರಹಾಕಿಸಿದ. ಮುಂದೆ ಶತಮಾನಗಳಾದ ಮೇಲೆ ಅವರು ಮತ್ತೆ ಬಂದು ಗಾರ್ಟನ್ ಬೀದಿಯಲ್ಲಿ ಸಿನಗಾಗ್ ಎಂಬ ತಮ್ಮ ಪ್ರಾರ್ಥನಾ ಮಂದಿರ ಕಟ್ಟಿಕೊಂಡರು. 1938ರ ನವೆಂಬರ್‌ನಲ್ಲಿ ನಾಜಿಗಳು ಅದನ್ನು ಸುಟ್ಟರು. ಆ ಜಾಗದಲ್ಲಿ ಈಗ ಒಂದು ಸ್ಮಾರಕ ಇದೆ. ಎಬರ್‌ಹಾರ್ಡ್ ಹೆಸರು ವಿಶ್ವವಿದ್ಯಾಲಯಕ್ಕೆ ಇರಬೇಕೋ ಬೇಡವೋ ಎಂದು ಇತ್ತೀಚಿನ ವರ್ಷಗಳಲ್ಲಿ ದೊಡ್ಡ ಚರ್ಚೆಯೇ ಆಯಿತು. ಹೆಸರು ಉಳಿದಿದೆ.

ಕನ್ನಡಕ್ಕೂ ಈ ಊರಿಗೂ ಏನು ಸಂಬಂಧ?

ನಾನು ಖುಷಿಯಿಂದ ಉತ್ತರಿಸುವ ಪ್ರಶ್ನೆ ಇದೇ.

ಮೊದಲು ಹರ್ಮನ್ ಮೊಗ್ಲಿಂಗ್. 1843ರ ಜುಲೈ 1ರಂದು ಮಂಗಳೂರಿನಲ್ಲಿ "ಮಂಗಳೂರ ಸಮಾಚಾರ" ಹೊರಡಿಸಿದವರು, ಕನ್ನಡದ ಮೊದಲ ಪತ್ರಿಕೆ ಅದು. ಕಲ್ಲಚ್ಚಿನಲ್ಲಿ ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದವರೂ ಅವರೇ. ಆ ಮೊಗ್ಲಿಂಗ್ ದೇವಶಾಸ್ತ್ರ ಓದಿದ್ದು ಟ್ಯೂಬಿಂಗನ್‌ನಲ್ಲಿ. 1858ರಲ್ಲಿ ಇದೇ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಆಮೇಲೆ ಫರ್ಡಿನಾಂಡ್ ಕಿಟ್ಟೆಲ್. ಅವರು ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಬಡಗಣ ತುದಿಯಲ್ಲಿ, ಸಮುದ್ರದ ಹತ್ತಿರದ ಒಂದು ಹಳ್ಳಿಯಲ್ಲಿ. ಬಾಸೆಲ್ ಮಿಷನ್ ಕಡೆಯಿಂದ 1853ರಲ್ಲಿ ಇಂಡಿಯಾಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಎಂದು ಓಡಾಡಿ ಪದ ಕೂಡಿಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೂ ಡಾಕ್ಟರೇಟ್ ಕೊಟ್ಟಿತು. ಕೊನೆಯ ದಿನಗಳನ್ನು ಅವರು ಈ ಊರಿನಲ್ಲೇ ಕಳೆದರು, 1903ರ ಡಿಸೆಂಬರ್‌ನಲ್ಲಿ ಇಲ್ಲೇ ತೀರಿಕೊಂಡರು. ಅವರ ಕನ್ನಡ ವ್ಯಾಕರಣ ಅಚ್ಚಾದದ್ದೂ ಅದೇ ವರ್ಷ.

ನೆಕಾರ್ ಸೇತುವೆಯ ಮೇಲೆ ನಿಂತಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತಿತ್ತು. ಇದೇ ಚಳಿಯಲ್ಲಿ ಒಬ್ಬ ಮುದುಕ "ಹಲಸು", "ಒಗ್ಗರಣೆ" ಅನ್ನುವ ಪದಗಳನ್ನು ತಲೆಯಲ್ಲಿ ಇಟ್ಟುಕೊಂಡು ನಡೆದಾಡಿರಬೇಕು, ಅಲ್ವಾ?

ಮಲಯಾಳಿಗಳೂ ಈ ಊರಿನ ಹೆಸರು ಹೇಳುತ್ತಾರಲ್ಲ, ಯಾಕೆ?

ಹರ್ಮನ್ ಗುಂಡರ್ಟ್ ಕಾರಣ. ಮೊಗ್ಲಿಂಗ್‌ರ ಗೆಳೆಯ, ಟ್ಯೂಬಿಂಗನ್‌ನಲ್ಲೇ ಓದಿದವರು. ತಲಶ್ಶೇರಿಯಲ್ಲಿ ನೆಲೆಸಿ ಮಲಯಾಳಂ ಕಲಿತರು. ಅವರ ಮಲಯಾಳಂ ನಿಘಂಟು 1872ರಲ್ಲಿ ಬಂತು. ಅವರ ಹಸ್ತಪ್ರತಿಗಳ ಸಂಗ್ರಹ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಈಗ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೂ ಹಾಕಿದ್ದಾರೆ, ಮನೆಯಲ್ಲೇ ಕೂತು ನೋಡಬಹುದು.

ಗುಂಡರ್ಟ್‌ರ ಮಗಳು ಮರೀ ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. ಆಕೆಯ ಮಗ ಯಾರು ಗೊತ್ತೇ? ನೊಬೆಲ್ ಪಡೆದ ಕಾದಂಬರಿಕಾರ ಹರ್ಮನ್ ಹೆಸ್ಸೆ. ಅಜ್ಜನ ಹೆಸರೇ ಮೊಮ್ಮಗನಿಗೆ. ಶಾಲೆ ಒಗ್ಗದೆ ಬಿಟ್ಟ ಹೆಸ್ಸೆ 1895ರಿಂದ 1899ರವರೆಗೆ ಇದೇ ಊರಿನ ಹೋಲ್ಟ್ಸ್‌ಮಾರ್ಕ್ಟ್ ಚೌಕದ ಪುಸ್ತಕದ ಅಂಗಡಿಯಲ್ಲಿ ಕೆಲಸ ಕಲಿತ, ಪುಸ್ತಕ ಕಟ್ಟುತ್ತಿದ್ದ, ಧೂಳು ಹೊಡೆಯುತ್ತಿದ್ದ. ಆ ಕಟ್ಟಡ ಈಗಲೂ ಇದೆ, ಒಳಗೆ ಅವನ ನೆನಪಿನ ಒಂದು ಪುಟ್ಟ ಕೋಣೆ ಮಾಡಿದ್ದಾರೆ.

ಹೊಳೆ ದಡದಲ್ಲಿರುವ ಹಳದಿ ಗೋಪುರ ಯಾವುದು?

ಊರಿನ ಎಲ್ಲ ಪೋಸ್ಟ್‌ಕಾರ್ಡಿನಲ್ಲೂ ಕಾಣುವುದು ಅದೇ. ಕವಿ ಫ್ರೀಡ್ರಿಖ್ ಹೋಲ್ಡರ್ಲಿನ್ ಇದ್ದ ಮನೆ.

ಕಥೆ ಸ್ವಲ್ಪ ನೋವಿನದು. ಹೋಲ್ಡರ್ಲಿನ್ ಈ ಊರಿನ ಪ್ರಾಟೆಸ್ಟಂಟ್ ಮಠದಂಥ ವಿದ್ಯಾರ್ಥಿನಿಲಯದಲ್ಲಿ ಓದಿದವನು. ಅದರ ಹೆಸರು ಶ್ಟಿಫ್ಟ್, 1536ರಲ್ಲಿ ಶುರುವಾದದ್ದು. ಅಲ್ಲಿ ಅವನ ಕೋಣೆಯ ಜೊತೆಗಾರರು ಹೆಗೆಲ್ ಮತ್ತು ಶೆಲಿಂಗ್. ಮುಂದೆ ಜರ್ಮನ್ ತತ್ವಶಾಸ್ತ್ರವನ್ನೇ ತಿರುಗಿಸಿದ ಇಬ್ಬರು, ಜೊತೆಗೆ ಅದರ ಅತಿ ದೊಡ್ಡ ಕವಿಗಳಲ್ಲಿ ಒಬ್ಬ, ಮೂವರಿಗೂ ಒಂದೇ ಕೋಣೆ. ನಮ್ಮ ಹಾಸ್ಟೆಲಿನಲ್ಲಿ ಇಂಥ ಅದೃಷ್ಟ ಯಾರಿಗಿದೆ?

ಮುಂದೆ ಹೋಲ್ಡರ್ಲಿನ್‌ನ ಮನಸ್ಸು ಕೆಟ್ಟಿತು. 1806ರಲ್ಲಿ ಟ್ಯೂಬಿಂಗನ್‌ನ ಆಸ್ಪತ್ರೆಗೆ ಸೇರಿಸಿದರು. 1807ರಲ್ಲಿ "ಇನ್ನು ಹೆಚ್ಚೆಂದರೆ ಮೂರು ವರ್ಷ" ಎಂದು ಹೇಳಿ ಹೊರಗೆ ಕಳಿಸಿದರು. ಆಗ ಅವನನ್ನು ಕರೆದುಕೊಂಡು ಹೋದವನು ಎರ್ನ್‌ಸ್ಟ್ ಟ್ಸಿಮ್ಮರ್ ಎಂಬ ಬಡಗಿ. ನೆಂಟನಲ್ಲ, ಗೆಳೆಯನಲ್ಲ, ಅವನ ಕಾದಂಬರಿ ಓದಿ ಮೆಚ್ಚಿದ್ದವನು ಅಷ್ಟೆ. ಮೂರು ವರ್ಷ ಅಂದದ್ದು 36 ವರ್ಷವಾಯಿತು. ಟ್ಸಿಮ್ಮರ್ ತೀರಿಕೊಂಡ ಮೇಲೆ ಅವನ ಮಗಳು ಲೊಟ್ಟೆ ನೋಡಿಕೊಂಡಳು. ಯಾರಾದರೂ ಕೇಳಿದರೆ ಕವಿ ಒಂದು ಚಿಕ್ಕ ಪದ್ಯ ಬರೆದು ಕೊಡುತ್ತಿದ್ದ, ಕೆಳಗೆ "ಸ್ಕಾರ್ಡನೆಲ್ಲಿ" ಎಂದು ಯಾವುದೋ ಹೆಸರಿನಲ್ಲಿ ಸಹಿ. 1843ರಲ್ಲಿ ಅದೇ ಗೋಪುರದಲ್ಲಿ ಸತ್ತ.

1875ರಲ್ಲಿ ಬೆಂಕಿಗೆ ಸಿಕ್ಕಿ ಗೋಪುರ ಸುಟ್ಟಿತು, ಈಗಿರುವುದು ಆಮೇಲೆ ಕಟ್ಟಿದ್ದು. ಒಳಗೆ ಮ್ಯೂಸಿಯಂ ಇದೆ. ಕವಿಯ ಹೆಸರು ಎಲ್ಲರಿಗೂ ಗೊತ್ತು, ನನಗೆ ಮಾತ್ರ ಆ ಬಡಗಿಯ ಮನೆಯವರೇ ಜಾಸ್ತಿ ನೆನಪಾಗುತ್ತಾರೆ.

ಕೋಟೆಗೆ ಹತ್ತಿ ಹೋಗುವಷ್ಟು ಏನಿದೆ?

ಎರಡು ವಿಷಯಕ್ಕಾಗಿ ಹತ್ತಲೇಬೇಕು.

ಒಂದು, ಅಡುಗೆಮನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೋಟೆಯ ಹಳೆಯ ಅಡುಗೆಮನೆಯನ್ನು ರಸಾಯನಶಾಸ್ತ್ರದ ಪ್ರಯೋಗಶಾಲೆ ಮಾಡಿದ್ದರು. 1869ರಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ಫ್ರೀಡ್ರಿಖ್ ಮೀಷರ್ ಎಂಬ ಸ್ವಿಸ್ ಹುಡುಗ ಆಸ್ಪತ್ರೆಯಿಂದ ಕೀವು ಹತ್ತಿದ ಬ್ಯಾಂಡೇಜ್ ತರಿಸಿಕೊಂಡ. ಕೀವಿನ ಜೀವಕೋಶಗಳಿಂದ ಅಲ್ಲಿಯವರೆಗೆ ಯಾರೂ ಕಾಣದ ಒಂದು ವಸ್ತುವನ್ನು ಬೇರೆ ಮಾಡಿದ. "ನ್ಯೂಕ್ಲೀನ್" ಎಂದು ಹೆಸರಿಟ್ಟ. ಇವತ್ತು ನಾವು ಡಿಎನ್‌ಎ ಅನ್ನುವುದು ಅದನ್ನೇ. ಜಗತ್ತನ್ನೇ ಬದಲಿಸಿದ ವಸ್ತು ಮೊದಲು ಸಿಕ್ಕಿದ್ದು ಗಲೀಜು ಬಟ್ಟೆಯಲ್ಲಿ, ಅಡುಗೆಮನೆಯಲ್ಲಿ.

ಎರಡು, ಒಂದು ಪುಟ್ಟ ಕುದುರೆ. ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ್ದು, ಉದ್ದ ಐದು ಸೆಂಟಿಮೀಟರೂ ಇಲ್ಲ, ವಯಸ್ಸು ಸುಮಾರು 40,000 ವರ್ಷ. ಆಲ್ಬ್ ಬೆಟ್ಟದ ಫೋಗಲ್‌ಹೆರ್ಡ್ ಗುಹೆಯಲ್ಲಿ 1931ರಲ್ಲಿ ಸಿಕ್ಕಿತು. ಆ ಪ್ರದೇಶದ ಗುಹೆಗಳನ್ನು ಯುನೆಸ್ಕೋ 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಕುದುರೆಯ ಕತ್ತಿನ ಬಾಗು ನೋಡಿ. ಮಾಡಿದವನಿಗೆ ಕುದುರೆ ಚೆನ್ನಾಗಿ ಗೊತ್ತಿತ್ತು.

ವಿಜ್ಞಾನದಲ್ಲಿ ಇನ್ನೇನು ಆಗಿದೆ ಇಲ್ಲಿ?

ಜೊಹಾನೆಸ್ ಕೆಪ್ಲರ್ 1589ರಿಂದ ಇದೇ ಶ್ಟಿಫ್ಟ್‌ನಲ್ಲಿ ಓದಿದ, ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬ ಕೋಪರ್ನಿಕಸ್ ವಾದ ಅವನಿಗೆ ಸಿಕ್ಕಿದ್ದು ಇಲ್ಲಿನ ಮೇಷ್ಟ್ರಿಂದ. ಹೀಬ್ರೂ ಪಾಠ ಮಾಡುತ್ತಿದ್ದ ವಿಲ್‌ಹೆಲ್ಮ್ ಷಿಕಾರ್ಡ್ 1623ರಲ್ಲಿ ಲೆಕ್ಕ ಮಾಡುವ ಯಂತ್ರ ಕಟ್ಟಿ, ಕೆಪ್ಲರ್‌ಗೆ ಕಾಗದ ಬರೆದು ವಿವರಿಸಿದ. ಕೆಪ್ಲರ್‌ಗಾಗಿ ಮಾಡಿಸುತ್ತಿದ್ದ ಇನ್ನೊಂದು ಯಂತ್ರ ಬೆಂಕಿಗೆ ಆಹುತಿಯಾಯಿತು. ನಮ್ಮ ಕಾಲಕ್ಕೆ ಬಂದರೆ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್, ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು, 1995ರಲ್ಲಿ ವೈದ್ಯಕೀಯ ನೊಬೆಲ್.

ಸಂಸ್ಕೃತದವರಿಗೆ ರುಡಾಲ್ಫ್ ರೋಟ್ ಹೆಸರು ಗೊತ್ತಿರುತ್ತದೆ. ಏಳು ಸಂಪುಟಗಳ ಪೀಟರ್ಸ್‌ಬರ್ಗ್ ಸಂಸ್ಕೃತ ಕೋಶ ಮಾಡಿದ ಇಬ್ಬರಲ್ಲಿ ಒಬ್ಬರು, ಇಲ್ಲಿನ ಪ್ರೊಫೆಸರ್.

ಎರಡನೇ ಮಹಾಯುದ್ಧದಲ್ಲಿ ಊರು ಹೇಗೆ ಉಳಿಯಿತು?

ಆಗ ಊರು ತುಂಬ ಗಾಯಾಳು ಸೈನಿಕರ ಆಸ್ಪತ್ರೆಗಳಿದ್ದವು. 1945ರ ಏಪ್ರಿಲ್ 19ರಂದು ಫ್ರೆಂಚ್ ಸೇನೆ ಬಂದಾಗ ಊರು ಕಾದಾಡದೆ ಶರಣಾಯಿತು. ಹಾನಿ ಆಗಲೇ ಇಲ್ಲ ಅಂತಲ್ಲ. 1944ರ ಬಾಂಬ್ ದಾಳಿಯಲ್ಲಿ ನೆಕಾರ್ ಸೇತುವೆ ಪಕ್ಕದ ಕವಿ ಊಲಾಂಡ್‌ರ ಮನೆ ನಾಶವಾಯಿತು. ಆದರೆ ಹಳೆಯ ಪೇಟೆ ಹೆಚ್ಚುಕಡಿಮೆ ಹಾಗೇ ಉಳಿಯಿತು. ಸ್ಟುಟ್‌ಗಾರ್ಟ್ ನೋಡಿ ಇಲ್ಲಿಗೆ ಬಂದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಯುದ್ಧ ಮುಗಿದ ಮೇಲೆ ಕೆಲವು ವರ್ಷ, 1952ರವರೆಗೆ, ಟ್ಯೂಬಿಂಗನ್ ಒಂದು ಪುಟ್ಟ ರಾಜ್ಯದ ರಾಜಧಾನಿಯೂ ಆಗಿತ್ತು. ಫ್ರೆಂಚ್ ಸೈನಿಕರು ಇದ್ದ ಬ್ಯಾರಕ್‌ಗಳ ಜಾಗದಲ್ಲಿ ಈಗ "ಫ್ರೆಂಚ್ ಬಡಾವಣೆ" ಇದೆ. ಕೆಳಗೆ ಅಂಗಡಿ, ಮೇಲೆ ಮನೆ, ಕಾರು ಅಂಚಿನಲ್ಲಿ. ನಗರ ಯೋಜನೆ ಓದುವವರು ದೂರದಿಂದ ನೋಡಲು ಬರುತ್ತಾರೆ.

ಉದ್ದ ಕೋಲಿನ ದೋಣಿ ಏನದು?

ಶ್ಟೋಖರ್‌ಕಾನ್. ಚಪ್ಪಟೆ ತಳದ ಉದ್ದ ಮರದ ದೋಣಿ. ಹಿಂದೆ ಒಬ್ಬ ನಿಂತು ಉದ್ದ ಗಳವನ್ನು ಹೊಳೆಯ ತಳಕ್ಕೆ ಊರಿ ನೂಕುತ್ತಾನೆ. ನಮ್ಮ ಕಡೆ ಅಂಬಿಗರು ಜಲ್ಲೆ ಹಾಕಿದ ಹಾಗೇ. ಬೇಸಿಗೆಯಲ್ಲಿ ಹತ್ತಿ ಕೂತರೆ ನಡುಗಡ್ಡೆಯ ಸುತ್ತ ಒಂದು ಸುತ್ತು. ಆ ನಡುಗಡ್ಡೆಯಲ್ಲಿ ದೊಡ್ಡ ದೊಡ್ಡ ಪ್ಲಾಟಾನೆ ಮರಗಳ ಸಾಲು.

ವರ್ಷಕ್ಕೊಮ್ಮೆ, ಬೇಸಿಗೆ ಶುರುವಿನಲ್ಲಿ, ವಿದ್ಯಾರ್ಥಿಗಳ ದೋಣಿ ಓಟ ನಡೆಯುತ್ತದೆ. ಸೇತುವೆ ಕಂಬದ ಹತ್ತಿರ ಎಲ್ಲ ದೋಣಿಗಳೂ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಜನ ನೀರಿಗೆ ಬೀಳುತ್ತಾರೆ, ದಡದಲ್ಲಿ ಸಾವಿರಾರು ಮಂದಿ ಕೂಗುತ್ತಾರೆ. ಗೆದ್ದವರಿಗೆ ಬಿಯರ್. ಸೋತ ತಂಡದ ಪ್ರತಿಯೊಬ್ಬರೂ ಎಲ್ಲರ ಎದುರು ಅರ್ಧ ಲೀಟರ್ ಕಾಡ್ ಮೀನಿನ ಎಣ್ಣೆ ಕುಡಿಯಬೇಕು. ಗೆಲ್ಲುವವರಿಗಿಂತ ಕೊನೆಗೆ ಬರಬಾರದು ಎನ್ನುವವರೇ ಜೋರಾಗಿ ಗಳ ಹಾಕುವುದು.

ಕಲಿತ ಜರ್ಮನ್ ಅಲ್ಲಿ ನಡೆಯುತ್ತದಾ?

ವಿಶ್ವವಿದ್ಯಾಲಯದಲ್ಲಿ ಆರಾಮಾಗಿ ನಡೆಯುತ್ತದೆ. ವಾರದ ಸಂತೆಯಲ್ಲಿ ತರಕಾರಿ ಮಾರುವ ಅಜ್ಜಿಯ ಮುಂದೆ ನಡೆಯುವುದಿಲ್ಲ. ಪುಸ್ತಕದ ಕನ್ನಡ ಕಲಿತವನೊಬ್ಬ ಕಲಬುರಗಿ ಬಜಾರಿನಲ್ಲಿ ಇಳಿದ ಹಾಗೆ ಆಗುತ್ತದೆ. ಶ್ವಾಬಿಯನ್ನರು ಎಲ್ಲದಕ್ಕೂ "ಲೆ" ಸೇರಿಸಿ ಪುಟ್ಟದು ಮಾಡುತ್ತಾರೆ. ಮನೆ "ಹೈಸ್ಲೆ", ಎಷ್ಟೇ ದೊಡ್ಡ ಬಂಗಲೆ ಆಗಿರಲಿ.

ಕೇರ್‌ವೋಖೆ ಎಂಬ ಪದವನ್ನು ಮಾತ್ರ ಮೊದಲೇ ಕಲಿತುಕೊಳ್ಳಿ. ಅಪಾರ್ಟ್‌ಮೆಂಟಿನ ಮೆಟ್ಟಿಲು, ಅಂಗಳ ಗುಡಿಸುವ ವಾರದ ಸರದಿ ಅದು. ಸರದಿ ಬಂದಾಗ ನಿಮ್ಮ ಬಾಗಿಲಿಗೆ ಒಂದು ಫಲಕ ನೇತಾಡುತ್ತದೆ. ನಾನು ಮೊದಲ ಸಲ ಅದನ್ನು ಅಲಂಕಾರ ಅಂದುಕೊಂಡು ಹಾಗೇ ಬಿಟ್ಟಿದ್ದೆ. ಭಾನುವಾರ ಸಂಜೆ ಕೆಳಮನೆಯಾಕೆ ಪೊರಕೆ ಹಿಡಿದು ಬಂದು ನಿಂತರು. ಏನೂ ಅನ್ನಲಿಲ್ಲ, ಪೊರಕೆ ಕೊಟ್ಟರು.

ಸಸ್ಯಾಹಾರಿಗಳಿಗೆ ಊಟ?

ಚಿಂತೆ ಇಲ್ಲ. ಶ್ಪೆಟ್ಸ್ಲೆ ಅಂದರೆ ಮೊಟ್ಟೆ ಹಾಕಿದ ಹಿಟ್ಟನ್ನು, ಶಾವಿಗೆ ಒತ್ತುವ ಹಾಗೆ, ಕುದಿಯುವ ನೀರಿಗೆ ಒತ್ತಿ ಮಾಡುವುದು. ಮೇಲೆ ಚೀಸ್, ಹುರಿದ ಈರುಳ್ಳಿ ಹಾಕಿದರೆ "ಕೇಸೆ ಶ್ಪೆಟ್ಸ್ಲೆ". ಮೊಟ್ಟೆ ತಿನ್ನದವರು ಗಮನಿಸಿ. ಬೇಳೆಯ ಜೊತೆಗೂ ಶ್ಪೆಟ್ಸ್ಲೆ ಕೊಡುತ್ತಾರೆ, ಆದರೆ ಆ ಬೇಳೆಯಲ್ಲಿ ಹಂದಿ ಮಾಂಸದ ಚೂರು ಇರುವುದು ಸಾಮಾನ್ಯ, ಕೇಳಿಯೇ ತಿನ್ನಿ.

ಮೌಲ್‌ಟಾಶೆ ನಮ್ಮ ಕಡುಬಿನ ದೂರದ ನೆಂಟ. ಮೈದಾ ಹಾಳೆಯೊಳಗೆ ಮಾಂಸ, ಪಾಲಕ್. ಉಪವಾಸದ ದಿನ ದೇವರ ಕಣ್ಣಿಗೆ ಮಾಂಸ ಬೀಳದಿರಲಿ ಎಂದು ಹಿಟ್ಟಿನೊಳಗೆ ಮುಚ್ಚಿದರಂತೆ. ಅದಕ್ಕೇ ಅದರ ಅಡ್ಡಹೆಸರಿನ ಅರ್ಥ "ದೇವರಿಗೆ ಟೋಪಿ ಹಾಕುವ ತಿಂಡಿ". ಬರೀ ತರಕಾರಿ ತುಂಬಿದ್ದೂ ಸಿಗುತ್ತದೆ. ರಾಗಿ ಹಿಟ್ಟು, ಇಂಗು ಬೇಕೆಂದರೆ ನಾನು ಸ್ಟುಟ್‌ಗಾರ್ಟ್ ರೈಲು ಹತ್ತುತ್ತಿದ್ದೆ.

ಕಾಫಿ ಲೋಟಕ್ಕೆ ತೆರಿಗೆ ಅಂತೆ, ನಿಜವಾ?

ನಿಜ. 2022ರ ಜನವರಿ 1ರಿಂದ ಬಳಸಿ ಎಸೆಯುವ ಲೋಟ, ತಟ್ಟೆ, ಡಬ್ಬಕ್ಕೆ ತಲಾ 50 ಸೆಂಟ್, ಚಮಚ-ಫೋರ್ಕಿಗೆ 20 ಸೆಂಟ್. ತೆರಿಗೆ ಕಟ್ಟುವುದು ಅಂಗಡಿಯವರು, ಆದರೆ ಕೊನೆಗೆ ಬೀಳುವುದು ನಿಮ್ಮ ಬಿಲ್ಲಿಗೇ. ಒಂದು ಮೆಕ್‌ಡೊನಾಲ್ಡ್ಸ್ ಮಳಿಗೆ ನಡೆಸುವವರು ಕೋರ್ಟಿಗೆ ಹೋದರು. ಸಂವಿಧಾನ ನ್ಯಾಯಾಲಯದವರೆಗೂ ಹೋಯಿತು, 2025ರ ಜನವರಿಯಲ್ಲಿ ಊರೇ ಗೆದ್ದಿತು. ಬ್ಯಾಗಿನಲ್ಲಿ ಒಂದು ಸ್ಟೀಲ್ ಲೋಟ ಇಟ್ಟುಕೊಂಡರೆ ಮುಗಿಯಿತು, ನಮಗೇನು ಹೊಸದೇ?

ಓದಲು ಹೋಗುವವರಿಗೆ ಖರ್ಚು?

ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಈ ರಾಜ್ಯದಲ್ಲಿ 2017ರಿಂದ ಸೆಮಿಸ್ಟರಿಗೆ 1,500 ಯುರೋ ಶುಲ್ಕ ಇದೆ. ಜರ್ಮನಿಯಲ್ಲಿ ಎಲ್ಲ ಕಡೆ ಓದು ಉಚಿತ ಎಂದು ಏಜೆಂಟರು ಹೇಳಿದರೆ ನಂಬಬೇಡಿ. ವೀಸಾಗೆ ತೋರಿಸುವ ಬ್ಲಾಕ್ಡ್ ಅಕೌಂಟಿಗೆ (ಅಲ್ಲಿನ ಖರ್ಚಿಗೆಂದು ಮೊದಲೇ ಹಣ ತುಂಬಿಡುವ ಖಾತೆ) 2024ರ ಸೆಪ್ಟೆಂಬರಿನಿಂದ ತಿಂಗಳಿಗೆ 992 ಯುರೋ ಲೆಕ್ಕ. ಹೊರಡುವ ಮುಂಚೆ ಎರಡನ್ನೂ ಮತ್ತೊಮ್ಮೆ ನೋಡಿಕೊಳ್ಳಿ.

ಶುಲ್ಕಕ್ಕಿಂತ ದೊಡ್ಡ ತಲೆನೋವು ಕೋಣೆ. ಸೀಟು ಸಿಕ್ಕ ದಿನವೇ ಹಾಸ್ಟೆಲಿಗೆ ಅರ್ಜಿ ಹಾಕಿ. ದೊಡ್ಡ ವಿದ್ಯಾರ್ಥಿ ಬಡಾವಣೆ ಇರುವುದು ಬಡಗಣದ ಗುಡ್ಡದ ಮೇಲೆ, ವಾಲ್ಡ್‌ಹೊಯ್ಸರ್ ಓಸ್ಟ್‌ನಲ್ಲಿ. ಕೆಳಗಿಳಿಯಲು ಸೈಕಲ್ ಸುಖ, ಹತ್ತಲು ಬಸ್.

ಹವೆ ಹೇಗೆ?

ಜನವರಿಯಲ್ಲಿ ಸೊನ್ನೆಯ ಆಚೀಚೆ. ಹಿಮ ಬೀಳುತ್ತದೆ, ಜಾಸ್ತಿ ದಿನ ನಿಲ್ಲುವುದಿಲ್ಲ. ಚಳಿಗಿಂತ ಕತ್ತಲು ಕಷ್ಟ: ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಜೂನ್ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಯವರೆಗೆ ಬೆಳಕು.

ಸುತ್ತಮುತ್ತ ಎಲ್ಲಿಗೆ ಹೋಗಬಹುದು?

ಮೊದಲ ಆಯ್ಕೆ ಬೇಬೆನ್‌ಹೌಸೆನ್. ಕಾಡಿನ ಅಂಚಿನಲ್ಲಿ ಹನ್ನೆರಡನೆಯ ಶತಮಾನದ ಕ್ರೈಸ್ತ ಮಠ. ವ್ಯೂರ್ಟೆಂಬರ್ಗ್‌ನ ಕೊನೆಯ ರಾಜ 1918ರಲ್ಲಿ ಪಟ್ಟ ಬಿಟ್ಟ ಮೇಲೆ ಇಲ್ಲಿ ಬಂದು ಉಳಿದ, 1921ರಲ್ಲಿ ಇಲ್ಲೇ ಸತ್ತ. ಅಲ್ಲಿಂದ ಶ್ಯೋನ್‌ಬುಖ್ ಕಾಡಿನೊಳಗೆ ಎಷ್ಟು ಬೇಕಾದರೂ ನಡೆಯಿರಿ. ಪಕ್ಕದ ರೊಯ್ಟ್‌ಲಿಂಗನ್‌ನಲ್ಲಿ ಜಗತ್ತಿನ ಅತಿ ಕಿರಿದಾದ ಬೀದಿ ಇದೆ, ಒಂದು ಕಡೆ ಅಗಲ ಬರೀ 31 ಸೆಂಟಿಮೀಟರ್. ಹೊಟ್ಟೆ ಒಳಗೆಳೆದುಕೊಂಡು ನಡೆಯಬೇಕು. ಹೋಹೆನ್‌ಝೊಲರ್ನ್ ಕೋಟೆಗೆ ಹೆಖಿಂಗನ್‌ವರೆಗೆ ರೈಲಿದೆ.

ಒಂದೇ ದಿನ ಇದೆ. ಏನು ಮಾಡಲಿ?

ಸ್ಟುಟ್‌ಗಾರ್ಟ್‌ನಿಂದ ಬೆಳಿಗ್ಗೆ ರೈಲು ಹತ್ತಿ, ವೇಗದ ಗಾಡಿ ಮುಕ್ಕಾಲು ಗಂಟೆ, ನಿಧಾನದ್ದು ಒಂದು ಗಂಟೆ. ಸ್ಟೇಷನ್ನಿನಿಂದ ನಡೆದು ನೆಕಾರ್ ಸೇತುವೆಗೆ ಬಂದು ಗೋಪುರದ ಕಡೆ ನೋಡಿ. ಹೋಲ್ಟ್ಸ್‌ಮಾರ್ಕ್ಟ್‌ಗೆ ಹತ್ತಿ, ಪುಸ್ತಕದಂಗಡಿ, ಎದುರಿನ ಶ್ಟಿಫ್ಟ್ಸ್ ಚರ್ಚ್. ಮ್ಯೂನ್ಟ್ಸ್ ಗಲ್ಲಿಯಲ್ಲಿ "ಇಲ್ಲಿ ಗಯಟೆ ತಂಗಿದ್ದ" (ಗಯಟೆ ಅಂದರೆ ಜರ್ಮನಿಯ ಮಹಾಕವಿ) ಎಂಬ ಫಲಕ ಇರುವ ಮನೆಯ ಪಕ್ಕದ ಮನೆಗೂ ಒಂದು ಫಲಕ ಇದೆ: "ಇಲ್ಲಿ ಗಯಟೆ ವಾಂತಿ ಮಾಡಿದ". ವಿದ್ಯಾರ್ಥಿಗಳ ಕೆಲಸ. ಮಾರುಕಟ್ಟೆ ಚೌಕದ 1435ರ ಪುರಭವನ, ಅದರ ಮೇಲಿನ 1511ರ ಖಗೋಳ ಗಡಿಯಾರ ನೋಡಿ ಕೋಟೆ ಹತ್ತಿ. ಮಧ್ಯಾಹ್ನ ಇಳಿದು ಊಟ, ಸಂಜೆ ದೋಣಿ.

ಸೋಮವಾರ ಹೋಗಬೇಡಿ, ಕೋಟೆಯ ಮ್ಯೂಸಿಯಂ ಬಾಗಿಲು ಹಾಕಿರುತ್ತದೆ. ಭಾನುವಾರ ಹೋದರೆ ಅಂಗಡಿಗಳಿಲ್ಲ, ಬುತ್ತಿ ಕಟ್ಟಿಕೊಳ್ಳಿ.